ಮನೆಗೆ ಬಂದ ಹಿರಿಯರು

ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯಲ್ಲಿ, ಅಡಕೆ ತೋಟದ ತಲೆಯಲ್ಲಿ, ಬೆಟ್ಟಕ್ಕೆ ಬೆನ್ನು ಕೊಟ್ಟು ನಿಂತಿರುವ ನಮ್ಮ ಪೂರ್ವಿಕರ ಮನೆಯನ್ನು, ಮಕ್ಕಳೆಲ್ಲರೂ ನಗರಗಳನ್ನು ಸೇರಿದ ಬಳಿಕ, ರಜೆಯ ದಿನಗಳನ್ನು ಕಳೆಯಲು ಬರುವ ಪ್ರವಾಸಿಗಳಿಗಾಗಿ ತೆರೆದೆವು. ಈಗಿನವರು ಇಂಥ ಮನೆಯನ್ನು ಹೋಂಸ್ಟೇ ಎನ್ನುವರು. ಕಾಲೇಜಿನ ತರುಣರು ಬರುವರು, ಹೊಸದಾಗಿ ಮದುವೆಯಾದವರು ಬರುವರು, ಎಳೆಯ ಮಕ್ಕಳನ್ನು ಕಟ್ಟಿಕೊಂಡು ತಂದೆತಾಯಿಗಳು ಬರುವರು. ಅವರೆಲ್ಲರ ಆಗಮನದಿಂದಲೂ ಮನೆಗೆ ಕಳೆಯೇರುವುದು. ಆದರೆ ಯಾವ ಅತಿಥಿಗಳು ಬಂದಿಳಿದಾಗ ಈ ಮನೆ ತನ್ನನ್ನು ಕಟ್ಟಿದವರ ಆಶಯವನ್ನು ಪೂರ್ಣವಾಗಿ ನೆರವೇರಿಸುತ್ತಿದೆಯೆಂಬ ತೃಪ್ತಿ ನಮಗುಂಟಾಗುವುದೋ, ಯಾರು ಹೊರಟುನಿಂತಾಗ 'ಇನ್ನೆರಡು ದಿನ ಇರಬಾರದೆ?' ಎಂಬ ಮಾತು ಕೇವಲ ಉಪಚಾರಕ್ಕಲ್ಲದೆ ಅಂತಃಕರಣದಿಂದಲೇ ಹೊರಡುವುದೋ, ಅಂಥವರು ಬಹುಮಟ್ಟಿಗೆ ವೃದ್ಧರೇ ಆಗಿರುವರು. ಅವರನ್ನು ಇರಿಸಿಕೊಳ್ಳುವುದರಲ್ಲಿ ನನಗೂ ನನ್ನ ಹೆಂಡತಿಗೂ ದೊರೆತ ಸಂತೋಷವನ್ನು ಯಥಾಶಕ್ತಿ ಇಲ್ಲಿ ಬರೆಯಬೇಕೆಂದಿದ್ದೇನೆ.

ಈ ಸಂತೋಷದ ಮೂಲವನ್ನು ಅರಸಹೊರಟರೆ ಮೊದಲು ಕಾಣುವುದು ಅವರು ಮನೆಯನ್ನು ಬಳಸುವ ರೀತಿ. ತರುಣ ಪ್ರವಾಸಿಗಳಿಗೆ ನಮ್ಮ ಮನೆ ಒಂದು ತಂಗುದಾಣ. ಬೆಳಗಿನ ತಿಂಡಿಯನ್ನು ಅವಸರದಲ್ಲಿ ಮುಗಿಸಿ ಅವರು ಜೋಗಕ್ಕೆ ಧಾವಿಸುವರು. 253 ಮೀಟರು ಆಳಕ್ಕೆ ಧುಮುಕುವ ಶರಾವತಿಯ ನಾಲ್ಕು ಧಾರೆಗಳನ್ನೂ ಕಂಡು, ಸಾವಿರಕ್ಕೆ ಮಿಕ್ಕ ಮೆಟ್ಟಿಲುಗಳನ್ನು ಇಳಿದು ಹತ್ತಿ, ಅಲ್ಲಿಂದ ಹೊನ್ನೆಮರಡುವಿಗೋ ಸಿಗಂದೂರಿಗೋ ತೆರಳಿ, ಕತ್ತಲಾದ ಮೇಲೆ ಹಸಿದು ದಣಿದು ಹಿಂದಿರುಗುವರು. ಅದು ಅವರ ವಯೋಧರ್ಮ. ಅದರಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ. ಹಿರಿಯರಿಗಾದರೋ ಮನೆಯೇ ಯಾತ್ರೆಯ ಗುರಿ. ಜಗಲಿಯ ಮರದ ಕಂಬಕ್ಕೆ ಒರಗಿ, ಕಾಲು ನೀಡಿ, ಕವಳದ ಬಟ್ಟಲನ್ನು ಬಳಿಯಲ್ಲಿರಿಸಿಕೊಂಡು ಕುಳಿತರೆಂದರೆ, ತೋಟದ ಮೇಲಿನ ಮಂಜು ಕರಗಿ ಬಿಸಿಲು ಅಂಗಳಕ್ಕಿಳಿಯುವುದನ್ನೂ, ಪಿಕಳಾರಗಳು ದಾಸವಾಳದ ಗಿಡದಲ್ಲಿ ಕಲಹವಾಡುವುದನ್ನೂ, ಕೊಟ್ಟಿಗೆಯ ಕರು ಹಗ್ಗ ಜಗ್ಗುವುದನ್ನೂ ನೋಡುತ್ತ ಅವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಡುಮನೆಯ ತಂಪು, ಬಚ್ಚಲ ಹಂಡೆಯ ಕಾದ ನೀರು, ಊಟದ ನಂತರದ ಸಣ್ಣ ನಿದ್ದೆ, ಸಂಜೆ ತುಳಸಿಕಟ್ಟೆಯ ಬಳಿಯ ದೀಪ, ಇವೆಲ್ಲವೂ ಅವರಿಗೆ ನೋಡತಕ್ಕ ಸ್ಥಳಗಳೇ. ಇಷ್ಟು ಅಗಲವಾದ ಜಗಲಿಯನ್ನು ನಮ್ಮ ಅಜ್ಜನ ಕಾಲದವರು ಏಕೆ ಕಟ್ಟಿಸಿದರೆಂಬುದು, ಅದರ ಮೇಲೆ ನಾಲ್ವರು ಹಿರಿಯರು ದಿನವಿಡೀ ಕುಳಿತದ್ದನ್ನು ಕಂಡ ಮೇಲೆ ನನಗೆ ಚೆನ್ನಾಗಿ ಅರ್ಥವಾಯಿತು.

ಆದರೆ ಹಳೆಯ ಮನೆಗೆ ಹಿರಿಯರನ್ನು ಕರೆಯುವುದೆಂದರೆ ಸೊಗಸಿನ ಮಾತಷ್ಟೇ ಆಗಲಾರದು. ಮಲೆನಾಡಿನ ಮನೆಗಳು ಗಟ್ಟಿಮುಟ್ಟಾದ ಮೈಕಟ್ಟಿನವರಿಗಾಗಿ ನಿರ್ಮಿತವಾದವು. ಹೊಸಿಲು ಮೊಳಕಾಲಿನ ಅರ್ಧಕ್ಕೆ ಬರುವುದು. ಬಾಗಿಲುಗಳು ತಲೆ ತಗ್ಗಿಸದಿದ್ದರೆ ಬಿಡುವುದಿಲ್ಲ. ಮಾಳಿಗೆಯ ಮೆಟ್ಟಿಲು ಏಣಿಗಿಂತ ಅಷ್ಟೇನೂ ಸೌಮ್ಯವಲ್ಲ. ಮಳೆಗಾಲದಲ್ಲಿ ಅಂಗಳದ ಕಲ್ಲುಚಪ್ಪಡಿಗಳ ಮೇಲೆ ಹಾವಸೆ ಕಟ್ಟಿ ನಡೆಯುವವರ ಕಾಲನ್ನು ಸೆಳೆಯುವುದು. ಇವನ್ನೆಲ್ಲ ಒಂದೊಂದಾಗಿ ಸರಿಪಡಿಸುತ್ತ ಹೋದಂತೆ ಮನೆಯನ್ನು ಮತ್ತೊಬ್ಬರ ಮೊಣಕಾಲಿನಿಂದ, ಮತ್ತೊಬ್ಬರ ಕಣ್ಣಿನಿಂದ ನೋಡುವ ವಿದ್ಯೆಯೊಂದು ನಮಗೆ ಕರಗತವಾಯಿತು. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗವೆಂದು ನೇತ್ರಶಾಸ್ತ್ರಜ್ಞರು ಹೇಳುತ್ತಾರೆ. ವಯಸ್ಸಾದಂತೆ ಪಾಪೆ ಕಿರಿದಾಗುವುದೂ ಮಸೂರ ಹಳದಿಗಟ್ಟುವುದೂ ಅದಕ್ಕೆ ಕಾರಣ. ನಮಗೆ ಮಂದವಾದ ದೀಪವೆಂದು ತೋರುವುದು ಅವರಿಗೆ ಕತ್ತಲೆಯೇ ಆದೀತು. ಆದಕಾರಣ ಹಾಸಿಗೆಯಿಂದ ಬಚ್ಚಲಿನವರೆಗೆ ನೆಲದ ಮಟ್ಟದಲ್ಲಿ ಬೆಳಕನ್ನು ಇಟ್ಟೆವು. ಪ್ರತಿಯೊಂದು ಹೊಸಿಲಿನ ಅಂಚಿಗೂ ಶೇಡಿಯ ಬಿಳಿಗೆರೆಯನ್ನು ಎಳೆಯತೊಡಗಿದೆವು. ರಂಗವಲ್ಲಿಯ ಜೊತೆಗೆ ಆ ಗೆರೆ ಮನೆಗೆ ಅಂದವನ್ನೇ ತಂದಿತೆಂದು ನೋಡಿದವರು ಹೇಳುವರು.

ಕೆಳಗಿನ ಮನೆಯ ತೆಂಕಣ ಕೋಣೆಯನ್ನು ಹಿರಿಯರಿಗೆಂದೇ ಮೀಸಲಿರಿಸಿ, ಅದಕ್ಕೆ ತಾಗಿದಂತೆ ಬಚ್ಚಲನ್ನು ಕಟ್ಟಿಸಿ, ಕುರ್ಚಿಯಂತೆ ಕುಳಿತುಕೊಳ್ಳುವ ಶೌಚಪೀಠವನ್ನೂ ಅದರ ಎಡಬಲಗಳಲ್ಲಿ ಹಿಡಿದೇಳುವುದಕ್ಕೆ ಉಕ್ಕಿನ ಹಿಡಿಗಳನ್ನೂ ಹಾಕಿಸಿದೆವು. ಸ್ನಾನಕ್ಕೆ ಅಗಲವಾದ ಸ್ಟೂಲನ್ನು ಇಟ್ಟೆವು. ಅಂಗಳದಿಂದ ಜಗಲಿಗೆ ಏರುವಲ್ಲಿ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರನ್ನು ಮಾಡಿಸಿದೆವು. ಗಾಲಿಕುರ್ಚಿಗೆ ಅಷ್ಟಾದರೂ ನಿಧಾನವಾದ ಏರು ಬೇಕೆಂಬುದು ಕಟ್ಟಡ ಬಲ್ಲವರು ಒಪ್ಪಿದ ಲೆಕ್ಕ. ಮೆತ್ತನೆಯ, ಆಳವಾದ ಸೋಫಾಗಳನ್ನು ತೆಗೆದುಹಾಕಿ, ಕೈಯಿರುವ, ಬೆನ್ನು ನೆಟ್ಟಗಿರುವ ಹಳೆಯ ಬೆತ್ತದ ಕುರ್ಚಿಗಳನ್ನು ಅಟ್ಟದಿಂದ ಇಳಿಸಿದೆವು. ಕೂತಲ್ಲಿಂದ ಯಾರ ನೆರವೂ ಇಲ್ಲದೆ ಏಳಲಾಗುವುದೆಂಬುದು ಎಂಬತ್ತರ ವಯಸ್ಸಿನಲ್ಲಿ ಎಷ್ಟು ದೊಡ್ಡ ಸ್ವಾತಂತ್ರ್ಯವೆಂಬುದನ್ನು ಆ ಕುರ್ಚಿಗಳಲ್ಲಿ ಕುಳಿತವರ ಮುಖಗಳೇ ನಮಗೆ ತಿಳಿಸಿಕೊಟ್ಟವು. ಇಷ್ಟಕ್ಕೆಲ್ಲ ತಗುಲಿದ ವೆಚ್ಚ ಮಾಳಿಗೆಯ ಕೋಣೆಗಳ ಅಲಂಕಾರಕ್ಕೆ ತಗುಲಿದ್ದಕ್ಕಿಂತ ಕಡಿಮೆ.

ಅತಿಥಿಗಳು ಬಂದ ಕೂಡಲೆ ಕೈಕಾಲು ತೊಳೆಯಲು ನೀರು ಕೊಟ್ಟು, ಆಸರಿಗೆ ಬೆಲ್ಲವೋ ಮುರುಗಲು ಹಣ್ಣಿನ ಪಾನಕವೋ ಕೊಡುವುದು ಈ ಸೀಮೆಯ ಪದ್ಧತಿ. ತರುಣರು ಅದನ್ನು ಒಂದೇ ಗುಟುಕಿಗೆ ಕುಡಿದು ಕೋಣೆಯೆಲ್ಲಿ ಎಂದು ಕೇಳುವರು. ಹಿರಿಯರು ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ, ಬಾವಿ ಎಷ್ಟು ಆಳ, ತೋಟಕ್ಕೆ ಕೊಳೆ ಬಂದಿದೆಯೇ, ಮನೆಯಲ್ಲಿ ಕರೆಯುವ ಹಸು ಎಷ್ಟು, ಮಕ್ಕಳು ಎಲ್ಲಿದ್ದಾರೆ ಎಂದು ಕ್ರಮವಾಗಿ ವಿಚಾರಿಸುವರು. ಆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವಂತೆಯೇ ಅವರು ಹಣ ತೆತ್ತು ಬಂದವರು, ನಾವು ಹಣ ಪಡೆದು ಬಡಿಸುವವರು ಎಂಬ ವ್ಯವಹಾರದ ಪರದೆ ತಾನಾಗಿ ಸರಿದುಹೋಗಿ, ಬಂಧುಗಳ ಮನೆಗೆ ಬಂಧುಗಳು ಬಂದ ಸಹಜಭಾವ ನೆಲೆಗೊಳ್ಳುವುದು. ಈ ಮಾರ್ಪಾಟನ್ನು ಉಂಟುಮಾಡುವ ಶಕ್ತಿ ಅವರಿಗಿದೆಯೇ ಹೊರತು ನಮಗಿಲ್ಲ.

ಆದರೂ ಮೊದಲ ದಿನ ಬಹುತೇಕ ಎಲ್ಲ ಹಿರಿಯರಲ್ಲೂ ಕಾಣುವ ಒಂದು ಅಳುಕುಂಟು. ತಮ್ಮಿಂದ ಇತರರಿಗೆ ತೊಂದರೆಯಾಗಬಾರದೆಂಬ ಚಿಂತೆಯಲ್ಲಿ ಅವರು ಕುಡಿಯುವ ನೀರನ್ನು ಕೇಳಲೂ ಸಂಕೋಚಪಡುವರು. ರಾತ್ರಿ ಏಳಬೇಕಾದೀತೆಂದು ಸಂಜೆಯಿಂದ ನೀರನ್ನೇ ಬಿಡುವರು. ಹೆಚ್ಚು ಬೆಂದ ಅನ್ನ ಬೇಕಿದ್ದರೂ ಎಲ್ಲರಿಗಾಗಿ ಮಾಡಿದ್ದನ್ನೇ ಉಣ್ಣುವರು. ಮಗನೋ ಸೊಸೆಯೋ ಊರು ನೋಡಲು ಹೊರಟಾಗ, ತಾವು ಬಂದರೆ ಅವರಿಗೆ ತಡವಾದೀತೆಂದು, ಆಸೆಯಿದ್ದರೂ ಬಾರೆವೆನ್ನುವರು. ಈ ಅಳುಕನ್ನು ಕಳೆಯುವುದು ಆತಿಥ್ಯದ ಅತ್ಯಂತ ಸೂಕ್ಷ್ಮವಾದ ಭಾಗವೆಂದು ನನ್ನ ನಂಬಿಕೆ. ಅತಿಯಾದ ಉಪಚಾರದಿಂದ ಅದು ಇಮ್ಮಡಿಯಾಗುವುದು. ಕೇಳದೆ ತೋಳು ಹಿಡಿದು ನಡೆಸಿದರೆ ಅವರ ಮನಸ್ಸು ಮುದುಡುವುದು. ನಮ್ಮ ತೋಳನ್ನು ಅವರ ಬಳಿಗೆ ಚಾಚಿ ಸುಮ್ಮನೆ ನಿಂತರೆ, ಬೇಕೆನಿಸಿದಾಗ ಅವರೇ ಹಿಡಿದುಕೊಳ್ಳುವರು. ಗಟ್ಟಿಯಾಗಿ ಕೂಗಿ ಮಾತನಾಡುವುದಕ್ಕಿಂತ ಎದುರಿಗೆ ಕುಳಿತು, ತುಟಿ ಕಾಣುವಂತೆ, ನಿಧಾನವಾಗಿ ಮಾತನಾಡುವುದು ಮೇಲು. ಔಷಧಿಯ ವೇಳೆಯನ್ನು ಮಕ್ಕಳನ್ನು ಕೇಳದೆ ಅವರನ್ನೇ ಕೇಳಬೇಕು. ಮನೆಯಲ್ಲಿ ಎಲ್ಲ ನಿರ್ಣಯಗಳೂ ಕೈತಪ್ಪಿಹೋದ ವಯಸ್ಸಿನಲ್ಲಿ, ರಾತ್ರಿಯ ಊಟ ಏಳಕ್ಕೋ ಎಂಟಕ್ಕೋ ಎಂದು ತೀರ್ಮಾನಿಸುವ ಅಧಿಕಾರವೂ ಮಾನವೇ.

ಎಲ್ಲಕ್ಕಿಂತ ಸಫಲವಾದ ಉಪಾಯವೆಂದರೆ ಅವರಿಗೆ ಮಾಡಲೊಂದು ಕೆಲಸವನ್ನು ಕೊಡುವುದು. ಇದನ್ನು ಕಲಿಸಿದವಳು ನನ್ನ ಹೆಂಡತಿ. ಕೊನೆಗೊಯ್ಲಿನ ಕಾಲದಲ್ಲಿ ರಾತ್ರಿ ಊಟವಾದ ಮೇಲೆ ನಮ್ಮಲ್ಲಿ ಸುತ್ತಲ ಮನೆಗಳ ಹೆಂಗಸರು ಸೇರಿ ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕುಳಿತು ಅಡಕೆ ಸುಲಿಯುವರು. ಹರಟೆ, ಹಾಡು, ಊರ ಸುದ್ದಿಗಳೊಡನೆ ಕೆಲಸ ನಡುರಾತ್ರಿಯವರೆಗೂ ಸಾಗುವುದು. ಅತಿಥಿಯಾಗಿ ಬಂದ ಅಜ್ಜಿಯೊಬ್ಬರು ಅದನ್ನು ಕೋಣೆಯ ಬಾಗಿಲಿನಿಂದ ನೋಡುತ್ತಿದ್ದರು. ನನ್ನ ಹೆಂಡತಿ, "ಅಮ್ಮಾ, ಸುಲಿದದ್ದರಲ್ಲಿ ಕೆಟ್ಟ ಅಡಕೆ ಆರಿಸುವವರು ಯಾರೂ ಇಲ್ಲ, ಸ್ವಲ್ಪ ನೋಡುತ್ತೀರಾ?" ಎಂದು ಬುಟ್ಟಿಯನ್ನು ಅವರ ಮುಂದಕ್ಕೆ ಸರಿಸಿದಳು. ಅಲ್ಲಿಯವರೆಗೆ ನಾಲ್ಕು ಮಾತು ಮಾತ್ರ ಆಡಿದ್ದ ಆಕೆ ಆ ಹೆಂಗಸರ ನಡುವೆ ಹೊತ್ತು ಮೀರುವವರೆಗೂ ಕುಳಿತು, ತಮ್ಮ ತವರಿನ ಬಳಗದ ಕತೆಯನ್ನೆಲ್ಲ ಹೇಳಿದರು. ಮರುದಿನ ಬೆಳಿಗ್ಗೆ ಅಡಿಗೆಮನೆಗೆ ಅಧಿಕಾರಯುತವಾಗಿ ಬಂದು, ಒಂದೆಲಗದ ತಂಬುಳಿಗೆ ಜೀರಿಗೆಯನ್ನು ತುಪ್ಪದಲ್ಲಿ ಎಷ್ಟು ಹುರಿಯಬೇಕೆಂಬುದನ್ನು ತೋರಿಸಿಕೊಟ್ಟರು. ಆ ಹದವನ್ನೇ ಇಂದಿಗೂ ನಮ್ಮ ಮನೆಯಲ್ಲಿ ಅನುಸರಿಸುತ್ತಿದ್ದೇವೆ.

ಇನ್ನೊಮ್ಮೆ ಆಷಾಢದಲ್ಲಿ ಧಾರವಾಡದ ವೃದ್ಧ ದಂಪತಿಗಳು ಬಂದಿದ್ದರು. ಬಯಲುಸೀಮೆಯ ಅಂಚಿನ ಮಳೆಯನ್ನು ಕಂಡ ಅವರಿಗೆ ನಮ್ಮ ಮಳೆ ಒಂದು ಅದ್ಭುತವೇ ಆಯಿತು. ಎರಡು ಹಗಲು ಎರಡು ರಾತ್ರಿ ಹಂಚಿನ ಮೇಲೆ ಒಂದೇ ಸಮನೆ ಹೊಯ್ದ ಮೇಲೆ ಆ ತಾಯಿ ನನ್ನ ಹೆಂಡತಿಯನ್ನು ಕರೆದು, "ಅಲ್ಲವಾ ತಂಗಿ, ಈ ಮಳಿ ಯಾವಾಗ ನಿಂದರತದ?" ಎಂದು ಕೇಳಿದರು. "ದಸರೆಯ ಹೊತ್ತಿಗೆ, ಅಮ್ಮಾ" ಎಂದಳು ಅವಳು. ಯಜಮಾನರು ಕುರ್ಚಿಯಿಂದಲೇ, "ನಮ್ಮ ಕಡೆ ಮಳಿ ಬಂದು ಹೋಗತದ, ಇವರ ಕಡೆ ಬಂದು ಇರತದ, ನಮ್ಮಂಗ" ಎಂದು ನಕ್ಕರು. ಅವರು ಜೋಗವನ್ನು ನೋಡಲಿಲ್ಲ. ಮಂಜು ಕವಿದು ಯಾರಿಗೂ ಏನೂ ಕಾಣುತ್ತಿರಲಿಲ್ಲ. ಕೆಸುವಿನ ಪತ್ರೊಡೆ, ಹಲಸಿನ ಹಪ್ಪಳ, ಕರಿಮೆಣಸಿನ ಕಷಾಯ, ಒಲೆಯ ಮುಂದಿನ ಬೆಚ್ಚನೆಯ ಮೂಲೆ ಇಷ್ಟರಲ್ಲೇ ಅವರ ರಜೆ ಸಂಪನ್ನವಾಯಿತು. ಮರುವರ್ಷ ಅದೇ ಮಳೆಯ ದಿನಗಳಿಗೇ ಬರುವೆವೆಂದು ಮುಂಗಡ ತಿಳಿಸಿ ಹೋದರು, ಬಂದರು ಕೂಡ.

ನನ್ನ ಮನಸ್ಸಿನಲ್ಲಿ ಅತ್ಯಂತ ಗಾಢವಾಗಿ ನಿಂತಿರುವುದು ಬೇರೊಂದು ಭೇಟಿ. ಬೆಂಗಳೂರಿನ ಜಯನಗರದಲ್ಲಿ ಮಗಳ ಮನೆಯಲ್ಲಿದ್ದ, ಎಂಬತ್ತರ ಸಮೀಪದ ತಾಯಿಯೊಬ್ಬರು ಮೊಮ್ಮಗನೊಡನೆ ಬೇಸಿಗೆಯಲ್ಲಿ ಬಂದರು. ಅವರ ತವರೂರು ಲಿಂಗನಮಕ್ಕಿಯ ಹಿನ್ನೀರಿನಡಿಯಲ್ಲಿದೆ. ಶರಾವತಿಗೆ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟಾಯಿತು. 1948ರಲ್ಲಿ ಜೋಗದ ವಿದ್ಯುದಾಗಾರ ಉದ್ಘಾಟನೆಗೊಂಡಿತು. ಆ ಬಳಿಕ 1964ರಲ್ಲಿ ಲಿಂಗನಮಕ್ಕಿ ಜಲಾಶಯ ಸಿದ್ಧವಾದಾಗ ಹಳೆಯ ಅಣೆಕಟ್ಟು ಕೂಡ ನೀರಿನೊಳಗೆ ಹೋಯಿತು, ಅದರೊಡನೆ ಊರೂರುಗಳೇ ಹೋದವು. ನಾಡಿನ ಮನೆಮನೆಗೆ ದೀಪ ಬಂತು. ಆ ದೀಪಕ್ಕಾಗಿ ತಮ್ಮ ಮನೆ, ಗದ್ದೆ, ತೋಟ, ದೇವಸ್ಥಾನಗಳನ್ನು ಬಿಟ್ಟುಕೊಟ್ಟವರು ಗಂಟುಮೂಟೆ ಕಟ್ಟಿ ಕಂಡರಿಯದ ಕಾಡುಗಳಲ್ಲಿ ಹೊಸ ಬದುಕನ್ನು ಹೂಡಬೇಕಾಯಿತು. ಆಕೆ ಆಗ ಮದುವೆಯಾಗಿ ಹೊರಗಿನ ಊರಿಗೆ ಹೋಗಿದ್ದ ಎಳೆಯ ಹೆಣ್ಣುಮಗಳು. ತವರಿನವರು ಊರು ಬಿಟ್ಟ ದಿನ ಅವರು ಅಲ್ಲಿರಲಿಲ್ಲ. ಅದನ್ನು ಹೇಳುವಾಗ ಮಾತ್ರ ಅವರ ಧ್ವನಿ ತುಸು ನಡುಗಿತು.

ಅವರ ಇಚ್ಛೆಯಂತೆ ಅವರನ್ನು ಹಿನ್ನೀರಿನ ದಡದ ಹೊಳೆಬಾಗಿಲಿಗೆ ಕರೆದೊಯ್ದೆವು. ಸಿಗಂದೂರಿನ ದಾರಿಗೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ನಾವು ಹೋದಾಗ ಇನ್ನೂ ಲಾಂಚಿನ ಕಾಲ. ಜಲಾಶಯ ತುಂಬಿದರೆ 1819 ಅಡಿಯ ಮಟ್ಟಕ್ಕೆ ನಿಲ್ಲುವ ನೀರು ಆ ಬೇಸಿಗೆಯಲ್ಲಿ ಬಹಳ ಇಳಿದು, ದಡದುದ್ದಕ್ಕೂ ಕೆಂಪು ಮಣ್ಣು ಬಾಯ್ದೆರೆದಿತ್ತು. ಅಲ್ಲಲ್ಲಿ ಕೊಳೆಯದೆ ಉಳಿದ ಮರದ ಬೊಡ್ಡೆಗಳು ನೀರಿನಿಂದ ಮೇಲೆದ್ದಿದ್ದವು. ಲಾಂಚಿನವರು ಆಕೆಗೆಂದು ಕುರ್ಚಿಯೊಂದನ್ನು ತಂದು ಹಾಕಿದರು. ಆಕೆ ಅದರಲ್ಲಿ ಕುಳಿತು ಗುಡ್ಡಗಳ ಸಾಲನ್ನು ಬಹಳ ಹೊತ್ತು ನೋಡಿ, ಒಂದು ಗುಡ್ಡದ ನೆತ್ತಿಯನ್ನು ಗುರುತು ಹಿಡಿದು, ನನ್ನ ಕಡೆ ತಿರುಗಿ, "ಅದೋ ತಮ್ಮಾ, ಆ ಗುಡ್ಡದ ಬುಡದಲ್ಲಿ ಹೊಳೆ. ಹೊಳೆ ದಾಟಿ ಮೂರು ಗದ್ದೆ ಮೇಲೆ ಹತ್ತಿದರೆ ನಮ್ಮನೆ. ಹಿತ್ತಿಲಲ್ಲಿ ಒಂದು ಅಪ್ಪೆಮರ. ಅದರ ಮಿಡಿ ಎರಡು ವರ್ಷ ಇಟ್ಟರೂ ಮೆತ್ತಗಾಗುತ್ತಿರಲಿಲ್ಲ" ಎಂದರು. ಮೊಮ್ಮಗ, ಆ ತರುಣ, ಫೋನನ್ನು ಜೇಬಿಗೆ ಹಾಕಿ ಅಜ್ಜಿಯ ಕಾಲ ಬಳಿ ಹಲಗೆಯ ಮೇಲೆ ಕುಳಿತು ಒಂದೊಂದೇ ಪ್ರಶ್ನೆ ಕೇಳತೊಡಗಿದ. ಮನೆಗೆ ಬಂದ ಮೇಲೆಯೂ ಆ ಪ್ರಶ್ನೋತ್ತರ ನಿಲ್ಲಲಿಲ್ಲ. ಹುಡುಗ ಕಾಗದದ ಮೇಲೆ ಆಕೆ ಹೇಳಿದಂತೆ ಮನೆಗಳನ್ನೂ ಕಾಲುದಾರಿಗಳನ್ನೂ ಕೆರೆಯನ್ನೂ ಗುರುತಿಸುತ್ತ ಹೋದಂತೆ, ರಾತ್ರಿಯ ವೇಳೆಗೆ ಇಡೀ ಊರಿನ ನಕ್ಷೆ ಸಿದ್ಧವಾಯಿತು. ಯಾವ ಮನೆಯ ಜಗಲಿ ಯಾವ ದಿಕ್ಕಿಗೆ ಎಂಬುದು ಕೂಡ ಅದರಲ್ಲಿತ್ತು. ಅದರ ಒಂದು ಪ್ರತಿಯನ್ನು ಅವರು ನಮಗೆ ಕೊಟ್ಟಿದ್ದಾರೆ. ಆ ಕಡೆಯ ಹಿರಿಯರು ಯಾರೇ ಬಂದರೂ ಅದನ್ನು ತೆಗೆದು ತೋರಿಸುವೆವು. ಒಬ್ಬಿಬ್ಬರು ತಮ್ಮ ನೆನಪಿನ ಮನೆಗಳನ್ನು ಅದಕ್ಕೆ ಸೇರಿಸಿದ್ದೂ ಉಂಟು. ಇಂಥ ಅತಿಥಿಯನ್ನು ಪಡೆದ ಮನೆ ಧನ್ಯವೆಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳಬಲ್ಲೆ.

ಮಕ್ಕಳ ಜೊತೆಯಿಲ್ಲದೆ ತಾವೇ ಬರುವ ಹಿರಿಯರೂ ಇದ್ದಾರೆ. 2023ರ ಜೂನ್ 11ರಂದು ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ, ಗಂಡನನ್ನೂ ಮಗನನ್ನೂ ಹಣಕ್ಕಾಗಿ ಕೇಳಬೇಕಾಗಿಲ್ಲದ ಅನೇಕ ವೃದ್ಧೆಯರು ಆಧಾರ್ ಚೀಟಿಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಊರು ನೋಡಲು ಹೊರಟರು. ಅಂಥ ಮೂವರು ಗೆಳತಿಯರು ಚಿತ್ರದುರ್ಗದ ಕಡೆಯಿಂದ ಕೆಂಪು ಬಸ್ಸುಗಳನ್ನು ಬದಲಿಸುತ್ತ ಸಿಗಂದೂರಿಗೆ ಹೋಗಿ, ಹಿಂದಿರುಗುವಾಗ ಮಳೆಗೆ ಸಿಕ್ಕಿ ನಮ್ಮಲ್ಲಿಗೆ ಬಂದರು. ಮೂವರೂ ಒಂದೇ ಕೋಣೆ ಬೇಕೆಂದರು. ರಾತ್ರಿ ಹನ್ನೆರಡಾದರೂ ಅವರ ಕೋಣೆಯಿಂದ ನಗು ಕೇಳಿಬರುತ್ತಿತ್ತು. ಅವರಲ್ಲೊಬ್ಬರು ಮದುವೆಯಾದಂದಿನಿಂದ ತಮ್ಮ ಮನೆಯ ಹೊರಗೆ, ನೆಂಟರ ಮದುವೆ ಮುಂಜಿಗಳಲ್ಲದೆ, ಒಂದು ರಾತ್ರಿಯನ್ನೂ ಕಳೆದವರಲ್ಲವಂತೆ. ಸರ್ಕಾರದ ಯೋಜನೆಗಳ ಗುಣಾವಗುಣಗಳನ್ನು ವಿಮರ್ಶಿಸುವವರು ಆ ನಗುವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಿವೃತ್ತ ಅಧ್ಯಾಪಕರು ಬಂದರೆ ನಮ್ಮ ಪುಸ್ತಕದ ಕಪಾಟಿನ ಧೂಳು ಹೋಗುವುದು. ಅವರನ್ನು ಹೆಗ್ಗೋಡಿಗೆ ಕರೆದೊಯ್ದು, ಹಳ್ಳಿಯೊಂದರಲ್ಲಿ 1949ರಲ್ಲಿ ಹುಟ್ಟಿಕೊಂಡ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೇ ತೆರೆಯುವಷ್ಟು ಬೆಳೆದ ಬಗೆಯನ್ನು ತೋರಿಸುವುದು ನನಗೆ ಪ್ರಿಯವಾದ ಕೆಲಸ. ಇಕ್ಕೇರಿಗೂ ಹೋಗುವೆವು. ಅಘೋರೇಶ್ವರನ ಗುಡಿಯ ನೆಲದಲ್ಲಿ ಸಾಷ್ಟಾಂಗವೆರಗಿದ ಕೆಳದಿಯ ನಾಯಕರ ಆಕೃತಿಗಳನ್ನು ಕೆತ್ತಿದ್ದಾರೆ. ಬಂದ ಭಕ್ತರ ಪಾದಗಳು ತಮ್ಮ ಮೇಲೆ ಬೀಳಲೆಂದು ಅರಸರು ಬಯಸಿದರಲ್ಲ ಎಂದು ಒಬ್ಬ ಹಿರಿಯರು ಕೋಲೂರಿ ನಿಂತು ಬಹಳ ಹೊತ್ತು ಯೋಚಿಸಿದರು, ಆ ಕಲ್ಲನ್ನು ಮೆಟ್ಟದೆ ಸುತ್ತಿ ಬಂದರು. ಅದೇ ಹಿರಿಯರು ಎ. ಎನ್. ಮೂರ್ತಿರಾಯರ 'ದೇವರು' ಗ್ರಂಥವನ್ನು ನಮ್ಮ ಕಪಾಟಿನಿಂದ ತೆಗೆದು ಮೂರು ದಿನದಲ್ಲಿ ಓದಿ ಮುಗಿಸಿ, ಕೊನೆಯ ಸಂಜೆ ಅದನ್ನು ಕುರಿತು ಆಡಿದ ಮಾತುಗಳನ್ನು ನಾನು ಮರೆಯಲಾರೆ. 1900ರಲ್ಲಿ ಹುಟ್ಟಿದ ಮೂರ್ತಿರಾಯರ ಆ ಕೃತಿ ಪ್ರಕಟವಾದದ್ದು 1991ರಲ್ಲಿ, ಅವರಿಗೆ ತೊಂಬತ್ತು ದಾಟಿದ ಮೇಲೆ; ಅನಂತರವೂ ಅವರು ಒಂದು ದಶಕಕ್ಕೆ ಮಿಕ್ಕಿ ಬದುಕಿದ್ದರು. ವೃದ್ಧಾಪ್ಯವೆಂದರೆ ಬುದ್ಧಿಯ ಅಸ್ತಮಾನವೆಂದು ತಿಳಿದವರು ಈ ಇಸವಿಗಳನ್ನು ಒಮ್ಮೆ ಕೂಡಿಸಿ ನೋಡಲಿ.

ತೈತ್ತಿರೀಯ ಉಪನಿಷತ್ತಿನಲ್ಲಿ ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ತಾಯಿ, ತಂದೆ, ಗುರು, ಅತಿಥಿ ಈ ನಾಲ್ವರನ್ನೂ ದೇವರೆಂದು ಭಾವಿಸೆಂದು ಬುದ್ಧಿ ಹೇಳುವನು. ಮನೆಗೆ ಬಂದ ಹಿರಿಯರಲ್ಲಿ ಈ ನಾಲ್ವರೂ ಏಕತ್ರ ನೆಲೆಸಿರುವರೆಂಬುದು ನನ್ನ ಅನುಭವ. ನಮ್ಮ ಸೀಮೆಗೆ ಆತಿಥ್ಯದ ಹಿರಿಮೆ ಹೊಸದೂ ಅಲ್ಲ; ಮೊಗಲರ ಸೇನೆಯಿಂದ ತಲೆತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ಚೆನ್ನಮ್ಮಾಜಿ ಆಶ್ರಯವಿತ್ತು, ಅದಕ್ಕಾಗಿ ಔರಂಗಜೇಬನ ಕೋಪವನ್ನೇ ಎದುರಿಸಿದಳು. ಅಷ್ಟು ದೊಡ್ಡ ಪರೀಕ್ಷೆ ನಮಗೆ ಬಂದಿಲ್ಲ. ನಮಗೆ ಬಂದ ಕಷ್ಟಗಳು ಚಿಕ್ಕವು: ನಡುರಾತ್ರಿ ಎದೆ ಹಿಡಿದುಕೊಂಡಿತೆಂದು ಸಾಗರದ ಆಸ್ಪತ್ರೆಗೆ ಕಾರೋಡಿಸಿದ್ದು, ಅದು ಅಜೀರ್ಣವೆಂದು ತಿಳಿದಾಗ ಎಲ್ಲರೂ ಕುಳಿತು ಕಾಫಿ ಕುಡಿದದ್ದು, ಗಾಳಿಮಳೆಗೆ ವಿದ್ಯುತ್ತು ಹೋಗಿ ಉಸಿರಾಟದ ಯಂತ್ರಕ್ಕಾಗಿ ಜನರೇಟರನ್ನು ಹೊತ್ತು ತಂದದ್ದು. ಸಾಗರದಿಂದ ಶಿವಮೊಗ್ಗದ ದೊಡ್ಡ ಆಸ್ಪತ್ರೆಗಳಿಗೆ ಎಪ್ಪತ್ತು ಕಿಲೋಮೀಟರಿನಷ್ಟು ದೂರ. ಇದನ್ನು ಬರುವವರಿಗೆ ಮೊದಲೇ ತಿಳಿಸುವೆವು. ಜವಾಬ್ದಾರಿ ಹೆಚ್ಚೆಂಬುದನ್ನು ಮರೆಮಾಚುವುದು ಸರಿಯಲ್ಲ.

ಎಲ್ಲ ಹಿರಿಯರೂ ಸದಾ ಪ್ರಸನ್ನರಾಗಿರುವರೆಂದೂ ನಾನು ಹೇಳಲಾರೆ. ನೋವಿನಿಂದ ಸಿಡುಕುವವರುಂಟು, ಹಾಸಿಗೆ ಗಟ್ಟಿಯೆಂದೂ ಸಾರು ಸಪ್ಪೆಯೆಂದೂ ದಿನವೂ ದೂರುವವರುಂಟು. ಮರೆವಿನ ರೋಗಕ್ಕೆ ಸಿಕ್ಕಿದ ತಂದೆಯನ್ನು ಕರೆದುಕೊಂಡು ಮಗಳೊಬ್ಬಳು ಬಂದಿದ್ದಳು. ಅವರು, "ರೈಲು ಎಷ್ಟು ಗಂಟೆಗೆ?" ಎಂಬ ಒಂದೇ ಪ್ರಶ್ನೆಯನ್ನು ಬೆಳಗಿನಿಂದ ಬೈಗಿನವರೆಗೆ ಕೇಳುತ್ತಿದ್ದರು. ಅವರು ಕೇಳಿದಾಗಲೆಲ್ಲ ನಾನು, ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರೈಲು ರಾತ್ರಿಗೆ, ಇನ್ನೂ ಹೊತ್ತಿದೆ ಎನ್ನುತ್ತಿದ್ದೆ. ತೋಟದ ಆಳು ಹೇಳುತ್ತಿದ್ದ, ಹಾಲು ಒಯ್ಯಲು ಬಂದ ನೆರೆಮನೆಯ ಹುಡುಗಿ ಹೇಳುತ್ತಿದ್ದಳು. ಪ್ರತಿಯೊಂದು ಉತ್ತರವೂ ಅವರಿಗೆ ಹೊಸದಾಗಿ ಸಮಾಧಾನ ಕೊಡುತ್ತಿತ್ತು. ಆ ಮಗಳು, ವರ್ಷಗಟ್ಟಲೆ ಒಬ್ಬಳೇ ಆ ಪ್ರಶ್ನೆಗೆ ಉತ್ತರಿಸಿ ಬಳಲಿದ್ದವಳು, ಎರಡನೆಯ ದಿನ ಮಧ್ಯಾಹ್ನ ಮಾಳಿಗೆಯ ಕೋಣೆಯಲ್ಲಿ ಮಲಗಿ ದೀಪ ಹಚ್ಚುವ ಹೊತ್ತಿನವರೆಗೂ ನಿದ್ದೆ ಮಾಡಿದಳು. ಎದ್ದುಬಂದಾಗ ಗಾಬರಿಯಿಂದ ತಂದೆಯನ್ನು ಹುಡುಕಿದಳು. ಅವರು ನನ್ನ ಹೆಂಡತಿ ಕೊಟ್ಟ ಹೂಗಳನ್ನು ಬಾಳೆನಾರಿಗೆ ಪೋಣಿಸುತ್ತ ಕುಳಿತಿದ್ದರು. ವೃದ್ಧರ ಆತಿಥ್ಯದಲ್ಲಿ ಅವರನ್ನು ನೋಡಿಕೊಳ್ಳುವವರ ಆತಿಥ್ಯವೂ ಸೇರಿದೆಯೆಂಬುದು ಅಂದಿನಿಂದ ನಮ್ಮ ಮನೆಯ ನಿಯಮ.

ಹಣದ ಮಾತನ್ನೂ ಹೇಳಿಬಿಡುವೆನು. ಹಿರಿಯರು ಇದ್ದಷ್ಟು ದಿನ ಮನೆಯಲ್ಲೇ ಇರುವುದರಿಂದ ಉರುವಲು, ಬಿಸಿನೀರು, ಕಷಾಯಗಳ ಖರ್ಚು ಸ್ವಲ್ಪ ಹೆಚ್ಚು. ಅವರು ಬರುವುದು ಮಾತ್ರ ವಾರಾಂತ್ಯದ ನೂಕುನುಗ್ಗಲು ಬಿಟ್ಟು ಸೋಮವಾರದಿಂದ ಗುರುವಾರದವರೆಗಿನ ಖಾಲಿ ದಿನಗಳಲ್ಲಿ, ಒಮ್ಮೆ ಬಂದರೆ ನಾಲ್ಕಾರು ದಿನ ನಿಲ್ಲುವರು, ಮತ್ತೆ ಬರುವರು. ಆದ್ದರಿಂದ ನಷ್ಟವೆಂಬುದು ಸುಳ್ಳು.

ಹೀಗಿರುವಾಗ ಹಿರಿಯರು ಪ್ರವಾಸ ಹೊರಡುವುದು ಇನ್ನೂ ಇಷ್ಟು ಕಷ್ಟವಾಗಿರಬೇಕಾಗಿಲ್ಲ. 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೆ ಮಿಕ್ಕಿದ್ದರು. ರೈಲಿನಲ್ಲಿ ಅವರಿಗಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ, ಸಾಂಕ್ರಾಮಿಕದ ಕಾಲದಲ್ಲಿ ನಿಂತುಹೋಯಿತು. ಅದನ್ನು ಮರಳಿ ಕೊಡಬೇಕು. ನನ್ನಂತೆ ಮನೆಯನ್ನು ತೆರೆದಿಟ್ಟಿರುವ ಮಲೆನಾಡಿನ, ಕೊಡಗಿನ, ಕರಾವಳಿಯ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಕೆಳಗಿನ ಒಂದು ಕೋಣೆಯನ್ನು ಹಿರಿಯರಿಗೆಂದು ಸಜ್ಜುಗೊಳಿಸಿರಿ, ಬಚ್ಚಲಿಗೆ ಎರಡು ಹಿಡಿಗಳನ್ನು ಹಾಕಿಸಿರಿ, ರಾತ್ರಿ ದಾರಿಗೆ ಬೆಳಕಿಡಿರಿ. ಮಕ್ಕಳಾದವರಲ್ಲಿ ಕೇಳಿಕೊಳ್ಳುವುದು, ಮುಂದಿನ ರಜೆಗೆ ತಂದೆತಾಯಿಗಳನ್ನು ಮನೆ ಕಾಯಲು ಬಿಟ್ಟು ಹೊರಡಬೇಡಿರಿ; ಅವರ ನಡಿಗೆ ನಿಧಾನವೆಂದು ಅಂಜಬೇಡಿರಿ. ಅವರನ್ನು ಕರೆತನ್ನಿರಿ, ಬರುವ ಮುನ್ನ ಅವರಿಗೆ ಏನು ಇಷ್ಟ, ಏನು ಆಗದು ಎಂಬುದನ್ನು ಅವರಿಂದಲೇ ಕೇಳಿ ನಮಗೊಂದು ಮಾತು ತಿಳಿಸಿರಿ. ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.